ಮೂಲೆ ಕಪಾಟಿನ ತಿರುಗುವ ತಟ್ಟೆ: ಕಂಬ, ಬೇರಿಂಗು ಕೂರಿಸುವ ಸರಿಯಾದ ಕ್ರಮ

ಅಡುಗೆಮನೆಯ ಮೂಲೆ ಕಪಾಟಿಗೆ ತಿರುಗುವ ತಟ್ಟೆ ಹಾಕಿಸಿಕೊಂಡವರು ನನ್ನ ಹತ್ತಿರ ತರುವ ದೂರುಗಳು ಹೆಚ್ಚುಕಡಿಮೆ ಮೂರೇ. ತಟ್ಟೆ ಎಲ್ಲೋ ಒಂದು ಕಡೆ ಉಜ್ಜುತ್ತದೆ. ಕೈಬಿಟ್ಟರೆ ತಾನಾಗಿ ತಿರುಗಿ ಒಂದೇ ಕಡೆಗೆ ಹೋಗಿ ನಿಲ್ಲುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿರ್ರೆಂದು ಕೂಗಿ ಬಿಗಿಯಾಗುತ್ತದೆ. ಸುರತ್ಕಲ್‌ನಿಂದ ಉಡುಪಿಯವರೆಗೆ ನಾನು ಬಿಚ್ಚಿ ನೋಡಿದ ಹೆಚ್ಚಿನ ಕಪಾಟುಗಳಲ್ಲಿ ಸಾಮಾನಿನ ದೋಷಕ್ಕಿಂತ ಕೆಲಸದ ಕ್ರಮದ ದೋಷವೇ ದೊಡ್ಡದಿತ್ತು. ಮೊದಲು ತಟ್ಟೆ ಕತ್ತರಿಸಿ, ಆಮೇಲೆ ತಟ್ಟೆಯ ನಡುವೆ ಹಾಯುವ ಕಂಬ ನಿಲ್ಲಿಸಿ, ಕೊನೆಗೆ ಭಾರದ ಯೋಚನೆ ಮಾಡಿರುತ್ತಾರೆ. ಅದನ್ನು ತಿರುವುಮುರುವು ಮಾಡಬೇಕು. ಮೊದಲು ಭಾರ, ಆಮೇಲೆ ಕಂಬದ ನೆಲೆ, ತಟ್ಟೆ ಕತ್ತರಿಸುವುದು ಇವೆರಡೂ ಗಟ್ಟಿಯಾದ ಮೇಲೆ.

ಕೈಯಲ್ಲಿ ಇರಬೇಕಾದ ಸಾಮಾನು

ಅಳತೆ ಟೇಪು, ರಸಮಟ್ಟ, ಮೂಲೆಮಟ್ಟ, ಮೇಸ್ತ್ರಿಗಳು ಗೋಡೆಗೆ ಹಿಡಿಯುವ ತೂಗುಗುಂಡು, ಡ್ರಿಲ್ ಮೆಷಿನ್, 3 ಮಿ.ಮೀ. ಬಿಟ್, ಕಂಬದ ದಪ್ಪಕ್ಕೆ ಸರಿಯಾದ ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ), ಜಿಗ್ ಸಾ (ಬಾಗಿದ ಗೆರೆ ಕತ್ತರಿಸುವ ಗರಗಸ), ಅಲೆನ್ ಕೀ ಸೆಟ್ಟು, ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಫ್ರಿಜ್ಜು ಅಥವಾ ಟಿವಿ ಬಂದ ಪೆಟ್ಟಿಗೆ ಇದ್ದರೆ ಬಹಳ ಒಳ್ಳೆಯದು. ಇಷ್ಟರಲ್ಲಿ ಜನ ಬಿಟ್ಟುಬಿಡುವುದು ತೂಗುಗುಂಡು ಮತ್ತು ರಟ್ಟು. ಕೆಲಸ ಕೆಡುವುದೂ ಆ ಎರಡನ್ನು ಬಿಟ್ಟದ್ದರಿಂದಲೇ.

ಹಂತ 1: ಮೂಲೆಯನ್ನು ಖಾಲಿ ಮಾಡಿ, ಒಳಗೆ ಏನೇನು ಹಾದುಹೋಗುತ್ತದೆ ನೋಡಿ

ಟಾರ್ಚ್ ಹಿಡಿದು ಕಪಾಟಿನ ಹಿಂದಿನ ಮೂಲೆಯವರೆಗೆ ನೋಡಿ. ಸಿಂಕಿನ ನೀರಿನ ಪೈಪು, ಗ್ಯಾಸಿನ ಕೊಳವೆ, ಮಿಕ್ಸಿಯ ಪ್ಲಗ್ಗಿಗೆ ಎಳೆದ ವೈರು, ಇವು ಮೂಲೆಯಲ್ಲೇ ಹಾದುಹೋಗುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯ. ತಟ್ಟೆ ತಿರುಗುವ ವೃತ್ತದೊಳಗೆ ಗ್ಯಾಸಿನ ಕೊಳವೆ ಬರುತ್ತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ತಟ್ಟೆಯ ಅಂಚು ದಿನಕ್ಕೆ ಹತ್ತು ಸಲ ರಬ್ಬರನ್ನು ಸವರಿದರೆ ಕೊಳವೆ ಯಾವಾಗ ಹರಿದುಹೋಗುತ್ತದೆಂದು ಯಾರಿಗೂ ಗೊತ್ತಾಗುವುದಿಲ್ಲ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ಕೆಳಗಿನ ಕಪಾಟಿನಲ್ಲೇ ತುಂಬಿಕೊಳ್ಳುತ್ತದೆ. ಕೊಳವೆಯ ದಾರಿಯನ್ನು ಗ್ಯಾಸ್ ಏಜೆನ್ಸಿಯವರಿಂದ ಬದಲಾಯಿಸಿಕೊಂಡ ಮೇಲೆಯೇ ಮುಂದಿನ ಮಾತು.

ಸಿಂಕಿನ ಕೆಳಗೆ ಒದ್ದೆ ಕಲೆ, ಪ್ಲೈವುಡ್ಡಿನ ಅಂಚು ಉಬ್ಬಿದ್ದು, ಒರಲೆಯ ಮಣ್ಣಿನ ಗೆರೆ ಕಂಡರೆ ಅದನ್ನೂ ಮೊದಲು ಸರಿಮಾಡಿ. ಕೊಳೆತ ತಳದ ಮೇಲೆ ಕೂರಿಸಿದ ಬೇರಿಂಗು (ತಟ್ಟೆ ಸಲೀಸಾಗಿ ತಿರುಗಲು ಗುಂಡುಗಳಿರುವ ಆಧಾರ) ಎಷ್ಟು ದುಬಾರಿಯದಾದರೂ ವಾಲುತ್ತದೆ.

ಹಂತ 2: ಭಾರದ ಲೆಕ್ಕ

ತಟ್ಟೆಯ ಮೇಲೆ ಏನೇನು ಇಡುತ್ತೀರಿ ಎಂದು ನಿಜವಾಗಿ ಬರೆದುಕೊಳ್ಳಿ. ಕುಚ್ಚಲಕ್ಕಿಯ ಡಬ್ಬ 10 ಕಿಲೋ. ತೆಂಗಿನೆಣ್ಣೆಯ 5 ಲೀಟರ್ ಕ್ಯಾನು ಸುಮಾರು 4.6 ಕಿಲೋ. ಮಿಡಿ ಉಪ್ಪಿನಕಾಯಿಯ ಎರಡು ಪಿಂಗಾಣಿ ಭರಣಿ, ಒಂದೊಂದು 4 ಕಿಲೋ ಎಂದುಕೊಂಡರೂ 8. ಬೆಲ್ಲ, ಹುಣಸೆ, ಉಪ್ಪು ಸೇರಿ ಇನ್ನೊಂದು 5. ತಟ್ಟೆಯ ಭಾರವನ್ನು ಎಲ್ಲರೂ ಮರೆಯುತ್ತಾರೆ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಕತ್ತರಿಸಿದ 780 ಮಿ.ಮೀ. ವ್ಯಾಸದ ತಟ್ಟೆಯೇ ಸುಮಾರು 5.5 ಕಿಲೋ ತೂಗುತ್ತದೆ. ಒಟ್ಟು 33 ಕಿಲೋ ಆಯಿತು, ಅದೂ ಒಂದೇ ತಟ್ಟೆಗೆ. ಎರಡು ತಟ್ಟೆ ಇದ್ದರೆ ಕಂಬದ ಕೆಳಗಿನ ಬೇರಿಂಗು ಸುಲಭವಾಗಿ 50 ಕಿಲೋ ಹೊರಬೇಕು.

ಪೊಟ್ಟಣದ ಮೇಲೆ ಬರೆದ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಿ. 6 ಇಂಚಿನ ಚೌಕ ಬೇರಿಂಗಿಗೆ 200 ಕಿಲೋ ಮೀರಿ ಬರೆದಿರುತ್ತಾರೆ. ಅದು ಭಾರ ನಡುಮಧ್ಯದಲ್ಲಿ ಸಮನಾಗಿ ಕೂತಾಗಿನ ಲೆಕ್ಕ. ಅಡುಗೆಮನೆಯಲ್ಲಿ ಹಾಗೆ ಯಾರೂ ಇಡುವುದಿಲ್ಲ, ಅಕ್ಕಿಡಬ್ಬ ಒಂದು ಅಂಚಿನಲ್ಲಿ, ಎದುರಿನ ಅಂಚು ಖಾಲಿ. ಹಾಗಾಗಿ ತಟ್ಟೆಯ ವ್ಯಾಸದ ಮೂರನೇ ಒಂದಕ್ಕಿಂತ ಚಿಕ್ಕ ಚೌಕ ಬೇರಿಂಗನ್ನು ನಾನು ಹಾಕುವುದಿಲ್ಲ, ಅರ್ಧದಷ್ಟು ಸಿಕ್ಕಿದರೆ ಇನ್ನೂ ನಿಶ್ಚಿಂತೆ.

ಹಂತ 3: ಯಾವ ಬಗೆಯ ಸಾಮಾನು ನಿಮ್ಮ ಕಪಾಟಿಗೆ

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು, ಎರಡು ಚೌಕ ತಗಡುಗಳ ನಡುವೆ ಗುಂಡುಗಳಿರುವ ಚಪ್ಪಟೆ ಬೇರಿಂಗು. ಒಂದೇ ತಟ್ಟೆಗೆ, ಅದೂ 450 ಮಿ.ಮೀ. ಒಳಗಿನ ಚಿಕ್ಕ ತಟ್ಟೆಗೆ ಇದು ಸಾಕು. ಮಸಾಲೆ ಡಬ್ಬಿ, ಔಷಧಿ ಕಪಾಟಿಗೆಲ್ಲ ಇದೇ ಸರಿ. ಇನ್ನೊಂದು, ನಡುವೆ ಕಂಬವಿದ್ದು ಕೆಳಗೂ ಮೇಲೂ ಆಧಾರವಿರುವ ಬಗೆ. ಮೂಲೆ ಕಪಾಟಿಗೆ ಬೇಕಾದದ್ದು ಇದು.

ಕಂಬದ ಬಗೆಯಲ್ಲೂ ಮತ್ತೆ ಎರಡುಂಟು. ಕೆಲವದರಲ್ಲಿ ಕಂಬವೇ ತಿರುಗುತ್ತದೆ, ತಟ್ಟೆಗಳೆಲ್ಲ ಒಟ್ಟಿಗೆ ಸುತ್ತುತ್ತವೆ, ಪೂರ್ತಿ ಭಾರ ಕೆಳಗಿನ ಬೇರಿಂಗಿಗೆ ಬೀಳುತ್ತದೆ. ಇನ್ನು ಕೆಲವದರಲ್ಲಿ ಕಂಬ ಅಲುಗಾಡದೆ ನಿಂತಿರುತ್ತದೆ, ಪ್ರತಿ ತಟ್ಟೆ ತನ್ನ ಫ್ಲ್ಯಾಂಜಿನ (ಕಂಬಕ್ಕೆ ಪೋಣಿಸಿ ತಟ್ಟೆಗೆ ಬಿಗಿಯುವ ಬಳೆಯಂಥ ಆಧಾರ) ಮೇಲೆ ಬೇರೆಬೇರೆಯಾಗಿ ತಿರುಗುತ್ತದೆ. ಎರಡನೆಯದರಲ್ಲಿ ಫ್ಲ್ಯಾಂಜನ್ನು ಕಂಬಕ್ಕೆ ಬಿಗಿಯುವ ಚಿಕ್ಕ ಗ್ರಬ್ ಸ್ಕ್ರೂ (ಅಲೆನ್ ಕೀಯಿಂದ ಬಿಗಿಯುವ ತಲೆಯಿಲ್ಲದ ಸ್ಕ್ರೂ) ಒಂದೇ ಇಡೀ ತಟ್ಟೆಯ ಭಾರ ಹಿಡಿಯುತ್ತದೆ. ಕೊಳ್ಳುವ ಮೊದಲೇ ಅಂಗಡಿಯವರ ಎದುರು ಪೆಟ್ಟಿಗೆ ಬಿಚ್ಚಿಸಿ ಇದು ಯಾವುದೆಂದು ಕೈಯಾರೆ ತಿರುಗಿಸಿ ನೋಡಿ.

ಬಾಗಿಲನ್ನೇ ತಟ್ಟೆಗೆ ಕಟ್ಟಿ, ತಟ್ಟೆ ತಿರುಗಿದಾಗ ಬಾಗಿಲೂ ಒಳಗೆ ಹೋಗುವ ಇನ್ನೊಂದು ಬಗೆಯೂ ಇದೆ. ಮೊದಲ ಸಲ ಮಾಡುವವರಿಗೆ ನಾನು ಅದನ್ನು ಬೇಡವೆನ್ನುತ್ತೇನೆ. 2 ಮಿ.ಮೀ. ತಪ್ಪಿದರೂ ಬಾಗಿಲು ಸಾಲಿನಲ್ಲಿ ಕೂರುವುದಿಲ್ಲ.

ಹಂತ 4: ಕರಾವಳಿಯ ಗಾಳಿಗೆ ತಡೆಯುವ ಲೋಹ

ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ, ಉಳಿದ ದಿನಗಳಲ್ಲಿ ಉಪ್ಪುಗಾಳಿ. ಬೆಂಗಳೂರಿನಲ್ಲಿ ಹತ್ತು ವರ್ಷ ನಡೆದ ಸಾಮಾನು ಮಲ್ಪೆ, ಉಳ್ಳಾಲ, ಪಣಂಬೂರಿನ ಮನೆಗಳಲ್ಲಿ ಎರಡು ವರ್ಷಕ್ಕೇ ಕೆಂಪಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಎಲ್ಲ ಒಂದೇ ಅಲ್ಲ. 202 ಗ್ರೇಡಿನಲ್ಲಿ ನಿಕ್ಕಲ್ ಕಡಿಮೆ, ನಮ್ಮ ಗಾಳಿಗೆ ಅದು ತುಕ್ಕು ಹಿಡಿಯುತ್ತದೆ. 304 ಕೇಳಿ ಪಡೆಯಿರಿ. ಕಡಲು ಕಣ್ಣಿಗೆ ಕಾಣುವಷ್ಟು ಹತ್ತಿರದ ಮನೆಯಾದರೆ, ಸಿಕ್ಕಿದರೆ 316. ಬಂದರು ಪ್ರದೇಶದ ಅಂಗಡಿಗಳಲ್ಲಿ ಅಯಸ್ಕಾಂತ ಹಿಡಿದು, ಅಂಟಲಿಲ್ಲ, ಆದ್ದರಿಂದ 304 ಎಂದು ನಂಬುವವರನ್ನು ನೋಡಿದ್ದೇನೆ. ಆ ಪರೀಕ್ಷೆ ಕೆಲಸಕ್ಕೆ ಬಾರದು, 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ದಾರಿ.

ಇನ್ನೊಂದು ಮೋಸ ಕಣ್ಣಿಗೆ ಕಾಣದ ಜಾಗದಲ್ಲಿದೆ. ಹೊರಗಿನ ತಗಡು ಒಳ್ಳೆಯ ಸ್ಟೀಲಾಗಿದ್ದರೂ ಒಳಗಿನ ಗುಂಡುಗಳು ಹಲವು ಸಲ ಸಾದಾ ಉಕ್ಕಿನವಾಗಿರುತ್ತವೆ. ಹೊರಗೆ ಹೊಳೆಯುತ್ತಿರುವಾಗಲೇ ಒಳಗೆ ತುಕ್ಕು ಹಿಡಿದು ಬಿಗಿಯಾಗುವುದು ಇದರಿಂದ. ಗುಂಡುಗಳೂ ಸ್ಟೇನ್‌ಲೆಸ್ ಸ್ಟೀಲೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಹಗುರ ಭಾರಕ್ಕೆ ಗುಂಡುಗಳ ಬದಲು ಗಟ್ಟಿ ಪ್ಲಾಸ್ಟಿಕ್ಕಿನ ಬುಶ್ (ಬಳೆ) ಇರುವ ಕಂಬವೂ ನಮ್ಮ ಕಡೆ ಚೆನ್ನಾಗಿ ಬಾಳುತ್ತದೆ.

ಹಲಗೆಗೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತಿರುವ ಮರೈನ್ ಪ್ಲೈವುಡ್ಡನ್ನೇ ತನ್ನಿ. ಪಾರ್ಟಿಕಲ್ ಬೋರ್ಡು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ. ಒಮ್ಮೆ ನೀರು ಕುಡಿದ ಎಂಡಿಎಫ್‌ನಲ್ಲಿ ಸ್ಕ್ರೂ ಮತ್ತೆ ಕಚ್ಚುವುದಿಲ್ಲ.

ಹಂತ 5: ತಳವನ್ನೂ ಮೇಲಿನ ಪಟ್ಟಿಯನ್ನೂ ಗಟ್ಟಿ ಮಾಡಿ

ಅಡುಗೆಮನೆಯ ನೆಲ ನೀರು ಹರಿಯಲೆಂದು ಒಂದು ಕಡೆಗೆ ಇಳಿಜಾರಾಗಿರುತ್ತದೆ. ಕಪಾಟಿನ ತಳವೂ ಅದನ್ನೇ ಅನುಸರಿಸಿದ್ದರೆ ರಸಮಟ್ಟ ಎರಡು ದಿಕ್ಕಿಗೂ ಇಟ್ಟು ನೋಡಿ, ಕೆಳಗೆ ತುಂಡು ಕೊಟ್ಟು ಸಮ ಮಾಡಿ. ತಾನಾಗಿ ತಿರುಗುವ ತಟ್ಟೆಗಳಲ್ಲಿ ಹೆಚ್ಚಿನವಕ್ಕೆ ಈ ಇಳಿಜಾರೇ ಕಾರಣ.

ಮೇಲೆ ಗ್ರಾನೈಟ್ ಚಪ್ಪಡಿ ಇರುತ್ತದೆ. ಕಂಬದ ಮೇಲಿನ ಆಧಾರವನ್ನು ಕೂರಿಸಲು ಚಪ್ಪಡಿಗೆ ಕೆಳಗಿನಿಂದ ತೂತು ಕೊರೆಯಬೇಡಿ. ಚಪ್ಪಡಿ ಬಿರುಕು ಬಿಟ್ಟರೆ ಅದಕ್ಕೆ ಪರಿಹಾರವಿಲ್ಲ. ಅದರ ಬದಲು ಚಪ್ಪಡಿಯ ಅಡಿಗೆ 100 ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿಯೊಂದನ್ನು ಕಪಾಟಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಹಾಕಿ, ಬದಿ ಹಲಗೆಗಳಿಗೆ ಬಿಗಿಯಿರಿ. ಗೋಡೆಗೆ ಬಿಗಿಯಬೇಡಿ. ಹಳೆಯ ಮನೆಗಳ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯಲ್ಲಿ ಗಾರೆಯ ಹಿಂದೆ ಕಲ್ಲು ಮೆತ್ತಗಿರುತ್ತದೆ, ಪ್ಲಗ್ಗು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ.

ಹಂತ 6: ಕಂಬದ ನೆಲೆ ಹಿಡಿಯುವುದು

ಇಡೀ ಕೆಲಸದಲ್ಲಿ ನಿಧಾನವಾಗಿ ಮಾಡಬೇಕಾದ ಹಂತ ಇದು. ಮೊದಲು ಮೂಲೆ ನಿಜವಾಗಿ ಲಂಬಕೋನವೇ ನೋಡಿ. ಒಂದು ಬದಿಯಲ್ಲಿ 60 ಸೆಂ.ಮೀ., ಇನ್ನೊಂದರಲ್ಲಿ 80 ಸೆಂ.ಮೀ. ಗುರುತು ಹಾಕಿ ನಡುವಿನ ದೂರ ಅಳೆಯಿರಿ. 100 ಬಂದರೆ ಸರಿ. ಮುರಕಲ್ಲಿನ ಮನೆಗಳಲ್ಲಿ 98, 102 ಬರುವುದು ನನಗೆ ಹೊಸದಲ್ಲ. ಹಾಗೆ ಬಂದರೆ ಗಾಬರಿ ಬೇಡ, ಅಳತೆಯನ್ನು ಗೋಡೆಯಿಂದ ತೆಗೆಯದೆ ಕಪಾಟಿನ ಒಳ ಹಲಗೆಗಳಿಂದಲೇ ತೆಗೆಯಿರಿ.

ಒಳಗಿನ ಅಳತೆಯನ್ನು ತಳದಲ್ಲಿ, ನಡುವೆ, ಮೇಲೆ, ಹೀಗೆ ಮೂರು ಎತ್ತರದಲ್ಲಿ ತೆಗೆದು ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳಿ. ಹೊರಗಿನಿಂದ 900 ಮಿ.ಮೀ. ಇರುವ ಮೂಲೆ ಕಪಾಟಿನಲ್ಲಿ ಎರಡೂ ಬದಿಯ 18 ಮಿ.ಮೀ. ಹಲಗೆ ಕಳೆದರೆ ಒಳಗೆ 864 ಉಳಿಯುತ್ತದೆ. ಅದರ ಅರ್ಧ 432. ಹಿಂದಿನ ಎರಡೂ ಹಲಗೆಗಳಿಂದ 432 ಮಿ.ಮೀ. ದೂರದಲ್ಲಿ ಗೆರೆ ಎಳೆಯಿರಿ, ಅವು ಕೂಡುವಲ್ಲಿ ಕಂಬದ ನೆಲೆ.

ಈಗ ಮೇಲಿನ ಪಟ್ಟಿಯಿಂದ ತೂಗುಗುಂಡು ಇಳಿಬಿಟ್ಟು, ಗುಂಡಿನ ಮೊನೆ ತಳದ ಗುರುತಿನ ಮೇಲೆ ಬರುವಂತೆ ಮಾಡಿ, ದಾರ ಹೊರಟ ಜಾಗವನ್ನು ಮೇಲೆ ಗುರುತಿಸಿ. ಗುಂಡು ಅಲ್ಲಾಡುವುದು ನಿಲ್ಲುವವರೆಗೆ ಕಾಯಬೇಕು, ಫ್ಯಾನ್ ಆರಿಸಿ. ಮೇಲಿನ ಗುರುತನ್ನು ಟೇಪಿನಿಂದ ಅಳೆದು ಹಾಕಬೇಡಿ. ಕಪಾಟು ಸ್ವಲ್ಪ ವಾಲಿದ್ದರೆ ಟೇಪಿನ ಅಳತೆ ಸರಿಬರುತ್ತದೆ, ಕಂಬ ಮಾತ್ರ ಓರೆಯಾಗಿ ನಿಲ್ಲುತ್ತದೆ. 700 ಮಿ.ಮೀ. ಎತ್ತರಕ್ಕೆ 2 ಮಿ.ಮೀ.ಗಿಂತ ಹೆಚ್ಚು ಓರೆ ನಾನು ಒಪ್ಪುವುದಿಲ್ಲ.

ಹಂತ 7: ಮೊದಲು ರಟ್ಟಿನ ತಟ್ಟೆ

ಎರಡು ಬಾಗಿಲು ಎಲ್ ಆಕಾರದಲ್ಲಿ ತೆರೆಯುವ ಕಪಾಟಾದರೆ 864ರಿಂದ 44 ಕಳೆದು 820 ಮಿ.ಮೀ. ವ್ಯಾಸ ಇಡಬಹುದು, ಮುಂದಿನ ಕಾಲುಭಾಗ ಕತ್ತರಿಸಿ ತೆಗೆಯಬೇಕು. ಮೂಲೆಯಲ್ಲಿ ಓರೆಯಾಗಿ ಒಂದೇ ಬಾಗಿಲಿರುವ ಕಪಾಟಾದರೆ ಲೆಕ್ಕ ಬೇರೆ. 600 ಮಿ.ಮೀ. ಆಳದ ಕಟ್ಟೆಯಾದರೆ ಕಂಬದಿಂದ ಓರೆ ಬಾಗಿಲಿನ ಗೆರೆಗೆ ಸುಮಾರು 424 ಮಿ.ಮೀ., ಚೌಕಟ್ಟಿನ 18 ಕಳೆದರೆ 406. ಅಲ್ಲಿಗೆ 780 ಮಿ.ಮೀ.ಗಿಂತ ದೊಡ್ಡ ತಟ್ಟೆ ಆಗದು. ಹಿಂದಿನ ಗೋಡೆಯ ಕಡೆ ಜಾಗ ಇದೆಯೆಂದು 820 ಕತ್ತರಿಸಿ, ಮುಂದೆ ಚೌಕಟ್ಟಿಗೆ ತಾಗಿಸಿಕೊಂಡವರು ತುಂಬ ಜನ.

ಇನ್ನೊಂದನ್ನು ಈಗಲೇ ಪರೀಕ್ಷಿಸಬೇಕು. ತಟ್ಟೆ ಬಾಗಿಲಿನೊಳಗೆ ಹೋಗುತ್ತದೆಯೇ? 400 ಅಗಲ, 700 ಎತ್ತರದ ಕಿಂಡಿಯ ಕರ್ಣ 806 ಮಿ.ಮೀ. 780ರ ತಟ್ಟೆ ಓರೆಯಾಗಿ ಹಿಡಿದರೆ ಕಷ್ಟದಲ್ಲಿ ಹೋಗುತ್ತದೆ. ಡಬ್ಬ ಬೀಳದಂತೆ ಅಂಚಿಗೆ ಹಾಕುವ ತಡೆಪಟ್ಟಿ ಮೊದಲೇ ಹೊಡೆದಿದ್ದರೆ ಹೋಗುವುದಿಲ್ಲ. ಆದ್ದರಿಂದ ತಡೆಪಟ್ಟಿಯನ್ನು ತಟ್ಟೆ ಒಳಗೆ ಹೋದ ಮೇಲೆಯೇ ಹಾಕಿ. ತೀರ ಸಾಲದಿದ್ದರೆ ತಟ್ಟೆಯನ್ನು ಎರಡು ಹೋಳು ಮಾಡಿ ಒಳಗೆ ಅಡಿಪಟ್ಟಿ ಕೊಟ್ಟು ಸೇರಿಸಬಹುದು.

ರಟ್ಟನ್ನು ಪೂರ್ತಿ ಅಳತೆಗೆ ಕತ್ತರಿಸಿ, ಕಂಬವನ್ನು ಬಿಗಿಯದೆ ಸುಮ್ಮನೆ ನಿಲ್ಲಿಸಿ, ರಟ್ಟು ಪೋಣಿಸಿ ಒಂದು ಸುತ್ತು ತಿರುಗಿಸಿ. ಬಾಗಿಲು ಮುಚ್ಚಿದಾಗ ಒಳಕ್ಕೆ ಚಾಚುವ ಹಿಂಜಿನ ತೋಳಿಗೆ ತಾಗುತ್ತದೆಯೇ ನೋಡಲು ಬಾಗಿಲು ಮುಚ್ಚಿಯೂ ತಿರುಗಿಸಬೇಕು. ಕೈ ಹೋಗದಿದ್ದರೆ ರಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿಯಿರಿ, ತಾಗಿದ ಜಾಗದಲ್ಲಿ ಗುರುತು ಬೀಳುತ್ತದೆ.

ಹಂತ 8: ಹಲಗೆ ಕತ್ತರಿಸಿ ಅಂಚು ಮುಚ್ಚುವುದು

ರಟ್ಟು ಸಲೀಸಾಗಿ ಸುತ್ತಿದ ಮೇಲೆ ಅದನ್ನೇ ಪ್ಲೈವುಡ್ಡಿನ ಮೇಲಿಟ್ಟು ಗೆರೆ ಎಳೆಯಿರಿ. ಕತ್ತರಿಸಿದ ಅಂಚು ಮಳೆಗಾಲದಲ್ಲಿ ತೇವ ಹೀರುವ ಬಾಯಿ. ಉಜ್ಜುಕಾಗದದಿಂದ ತಿಕ್ಕಿ, ಪ್ರೈಮರ್ ಬಳಿದು, ಮೇಲೆ ಎರಡು ಕೋಟು ಎನಾಮಲ್ ಅಥವಾ ಪಿಯು (ಪಾಲಿಯುರೆಥೇನ್ ಲೇಪ) ಕೊಡಿ. ನಡುವೆ ಕಂಬಕ್ಕೆಂದು ಕೊರೆದ ತೂತಿನ ಒಳಗೋಡೆಗೂ ಬಳಿಯಬೇಕು. ಇದನ್ನು ಬಿಟ್ಟ ತಟ್ಟೆಗಳು ನಡುವಿನಿಂದಲೇ ಉಬ್ಬಿ, ಫ್ಲ್ಯಾಂಜಿನ ಸ್ಕ್ರೂಗಳನ್ನು ಮೇಲಕ್ಕೆ ದೂಡುತ್ತವೆ. ಬಣ್ಣ ಪೂರ್ತಿ ಒಣಗಲು ಜುಲೈ ತಿಂಗಳಾದರೆ ಎರಡು ದಿನ ಹೆಚ್ಚೇ ಕೊಡಿ.

ಹಂತ 9: ಜೋಡಣೆ

ಕೆಳಗಿನ ಬೇರಿಂಗನ್ನು ಗುರುತಿನ ಮೇಲಿಟ್ಟು ಎದುರುಬದುರಾಗಿ ಎರಡೇ ಸ್ಕ್ರೂ ಹಾಕಿ. ಮೊದಲೇ ನಾಲ್ಕೂ ಬಿಗಿದರೆ ಸರಿಪಡಿಸಲು ಅವಕಾಶ ಉಳಿಯುವುದಿಲ್ಲ. 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ಬಿಟ್ಟಿನಿಂದ ಮೊದಲು ತೂತು ಮಾಡಿ. 18 ಮಿ.ಮೀ. ಹಲಗೆಗೆ 16 ಮಿ.ಮೀ. ಉದ್ದದ ಸ್ಕ್ರೂ ಸಾಕು. 25ರದ್ದು ಹಾಕಿದರೆ ಮೊನೆ ಆಚೆ ಬಂದು ಡಬ್ಬಗಳನ್ನೂ ಬೆರಳನ್ನೂ ಗೀರುತ್ತದೆ.

ಆಮೇಲೆ ಕ್ರಮ ಹೀಗೆ: ಎರಡೂ ತಟ್ಟೆಗಳನ್ನು ಫ್ಲ್ಯಾಂಜ್ ಸಮೇತ ಕಪಾಟಿನೊಳಗೆ ಒಂದರ ಮೇಲೊಂದು ಮಲಗಿಸಿ. ಕಂಬದ ಎರಡು ಕೊಳವೆಗಳು ಒಂದರೊಳಗೊಂದು ಜಾರುತ್ತವೆ, ಅದನ್ನು ಕುಗ್ಗಿಸಿ ಎರಡೂ ತೂತುಗಳಲ್ಲಿ ತೂರಿಸಿ, ಕಾಲನ್ನು ಕೆಳಗಿನ ಬೇರಿಂಗಿನಲ್ಲಿ ಕೂರಿಸಿ. ಕಂಬವನ್ನು ಮೇಲಕ್ಕೆ ಎಳೆದು ಮೇಲಿನ ಆಧಾರಕ್ಕೆ ಸೇರಿಸಿ ಬಿಗಿಯಿರಿ. ರಸಮಟ್ಟವನ್ನು ಕಂಬದ ಎರಡು ಮೈಗೆ ಹಿಡಿದು ನೋಡಿ. ಸರಿಯಿದ್ದರೆ ಮಾತ್ರ ಉಳಿದ ಸ್ಕ್ರೂಗಳು. ತಟ್ಟೆಗಳನ್ನು ಬೇಕಾದ ಎತ್ತರಕ್ಕೆ ಎತ್ತುವುದು ಎಲ್ಲಕ್ಕಿಂತ ಕೊನೆಗೆ, ಅದಕ್ಕೆ ಎರಡನೇ ಜೋಡಿ ಕೈ ಬೇಕು. ಒಬ್ಬರು ತಟ್ಟೆಯನ್ನು ಹಿಡಿದು ನಿಲ್ಲದೆ ಗ್ರಬ್ ಸ್ಕ್ರೂ ಬಿಗಿಯಲು ಹೊರಟರೆ ತಟ್ಟೆ ಜಾರಿ ಬೆರಳು ಸಿಕ್ಕಿಕೊಳ್ಳುತ್ತದೆ.

ನುಣುಪಾದ ಕ್ರೋಮ್ ಕಂಬದ ಮೇಲೆ ಗ್ರಬ್ ಸ್ಕ್ರೂ ನಿಧಾನವಾಗಿ ಜಾರುತ್ತದೆ. ಎತ್ತರ ಖಚಿತವಾದ ಮೇಲೆ ಸ್ಕ್ರೂ ಕೂರುವ ಜಾಗದಲ್ಲಿ ಕಂಬಕ್ಕೆ ಬಿಟ್ಟಿನ ಮೊನೆಯಿಂದ ಚಿಕ್ಕ ಗುಳಿ ಮಾಡಿ, ಸ್ಕ್ರೂವಿನ ಮೊನೆ ಅದರಲ್ಲಿ ಕೂರುವಂತೆ ಬಿಗಿಯಿರಿ. ಫ್ಲ್ಯಾಂಜಿನ ಕೆಳಗೆ ಕಂಬದ ಸುತ್ತ ಒಂದು ಗೆರೆ ಇನ್ಸುಲೇಶನ್ ಟೇಪು ಸುತ್ತಿ. ಫ್ಲ್ಯಾಂಜು ಟೇಪಿನ ಮೇಲೆ ಹತ್ತಿ ಕೂತಿದ್ದು ಕಂಡರೆ ತಟ್ಟೆ ಇಳಿಯುತ್ತಿದೆ ಎಂದು ಆಗಲೇ ತಿಳಿಯುತ್ತದೆ.

ಚಿಕ್ಕ ತಟ್ಟೆಗೆ ಚಪ್ಪಟೆ ಬೇರಿಂಗು ಹಾಕುವಾಗ

ಇಲ್ಲಿ ಎಲ್ಲರೂ ಸಿಕ್ಕಿಬೀಳುವುದು ಒಂದೇ ಕಡೆ. ಕೆಳಗಿನ ತಗಡನ್ನು ಕಪಾಟಿಗೆ ಬಿಗಿದಾಯಿತು, ಮೇಲೆ ತಟ್ಟೆ ಇಟ್ಟಾಯಿತು, ಮೇಲಿನ ತಗಡಿಗೆ ಸ್ಕ್ರೂ ಹಾಕಲು ದಾರಿಯೇ ಇಲ್ಲ. ಕಪಾಟಿಗೆ ನೇರವಾಗಿ ಬಿಗಿಯುವ ಬದಲು ಬೇರೆ ಅಡಿಹಲಗೆ ಮಾಡಿ. 450 ಮಿ.ಮೀ. ತಟ್ಟೆಗೆ 360 ಮಿ.ಮೀ. ಚೌಕದ ಅಡಿಹಲಗೆ ಸರಿಹೋಗುತ್ತದೆ, ಅದರ ನಾಲ್ಕು ಮೂಲೆಗಳು ತಟ್ಟೆಯ ಅಂಚಿನಿಂದ ಸುಮಾರು 30 ಮಿ.ಮೀ. ಹೊರಗೆ ಕಾಣುತ್ತವೆ.

ಬೇರಿಂಗಿನ ಒಂದು ತಗಡಿನಲ್ಲಿ ಸ್ಕ್ರೂ ತೂತುಗಳಲ್ಲದೆ ಒಂದು ದೊಡ್ಡ ತೂತು ಇರುತ್ತದೆ. ಆ ತಗಡು ಅಡಿಹಲಗೆಯ ಕಡೆಗೆ ಬರಬೇಕು. ಬಿಗಿದ ಮೇಲೆ ಆ ದೊಡ್ಡ ತೂತಿನ ನೇರಕ್ಕೆ ಅಡಿಹಲಗೆಯಲ್ಲೂ 20 ಮಿ.ಮೀ. ತೂತು ಕೊರೆಯಿರಿ. ತಟ್ಟೆಯನ್ನು ಬೋರಲು ಮಲಗಿಸಿ, ಅದರ ಮೇಲೆ ಅಡಿಹಲಗೆಯನ್ನು ಬೋರಲು ಇಟ್ಟು, ಆ ತೂತಿನೊಳಗಿಂದ ಒಂದು ಸ್ಕ್ರೂ ಹಾಕಿ, ಕಾಲು ಸುತ್ತು ತಿರುಗಿಸಿ, ಇನ್ನೊಂದು ಸ್ಕ್ರೂ, ಹೀಗೆ ನಾಲ್ಕೂ. ಸ್ಕ್ರೂವಿನ ತಲೆ ಚಪ್ಪಟೆಯಾಗಿರಲಿ, ಎದ್ದು ನಿಂತ ತಲೆ ಎದುರಿನ ತಗಡನ್ನು ಕೆರೆಯುತ್ತದೆ. ಕೊನೆಗೆ ಒಟ್ಟನ್ನು ಕಪಾಟಿನಲ್ಲಿಟ್ಟು ಹೊರಗೆ ಕಾಣುವ ನಾಲ್ಕು ಮೂಲೆಗಳಲ್ಲಿ ಬಿಗಿಯಿರಿ.

ಹಂತ 10: ಸಾಮಾನು ತುಂಬುವ ಮೊದಲು ಪರೀಕ್ಷೆ

ಖಾಲಿ ತಟ್ಟೆ ಚೆನ್ನಾಗಿ ತಿರುಗುವುದು ಏನನ್ನೂ ಹೇಳುವುದಿಲ್ಲ. 2 ಕಿಲೋ ಸಕ್ಕರೆಯ ಪೊಟ್ಟಣವನ್ನು ಅಂಚಿನಲ್ಲಿಟ್ಟು ಕೈಬಿಡಿ. ಕಾಲು ಸುತ್ತು ತಿರುಗಿಸಿ ಮತ್ತೆ ಕೈಬಿಡಿ. ನಾಲ್ಕೂ ದಿಕ್ಕಿನಲ್ಲಿ ಬಿಟ್ಟಲ್ಲೇ ನಿಂತರೆ ಕಂಬ ನೆಟ್ಟಗಿದೆ. ಪ್ರತಿ ಸಲವೂ ಒಂದೇ ದಿಕ್ಕಿಗೆ ಓಡಿದರೆ ಆ ದಿಕ್ಕಿಗೆ ಕಂಬ ವಾಲಿದೆ, ಮೇಲಿನ ಆಧಾರವನ್ನು ಎದುರು ದಿಕ್ಕಿಗೆ ಸರಿಸಿ. ಬೇರಿಂಗನ್ನು ಬಿಗಿ ಮಾಡಿ ಓಟ ನಿಲ್ಲಿಸಲು ಹೋಗಬೇಡಿ, ಅದು ರೋಗ ಮುಚ್ಚಿದಂತೆ.

ಆಮೇಲೆ 30–40 ಮಿ.ಮೀ. ಎತ್ತರದ ತಡೆಪಟ್ಟಿ ಹಾಕಿ. ತಡೆಪಟ್ಟಿ ಇಲ್ಲದ ತಟ್ಟೆಯಿಂದ ಹಿಂದಕ್ಕೆ ಬಿದ್ದ ಒಂದು ಚಿಕ್ಕ ಡಬ್ಬಿ ಸಾಕು, ತಟ್ಟೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಭಾರದ್ದು ಕೆಳಗಿನ ತಟ್ಟೆಗೆ, ಕಂಬದ ಹತ್ತಿರಕ್ಕೆ. ಅಕ್ಕಿಡಬ್ಬದ ಎದುರಿಗೆ ಭರಣಿಗಳು.

ಮಳೆಗಾಲದ ಮೊದಲೂ ಆಮೇಲೂ

ಮೇ ಕೊನೆಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ತಟ್ಟೆ ಖಾಲಿ ಮಾಡಿ ನೋಡಿ. ಒಣಬಟ್ಟೆಯಿಂದ ಒರೆಸಿ, ಬೇರಿಂಗಿಗೆ ಸಿಲಿಕೋನ್ ಸ್ಪ್ರೇ ಅಥವಾ ಬಿಳಿ ಗ್ರೀಸ್ ಸ್ವಲ್ಪವೇ ಕೊಡಿ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆ ಬಿಡಬೇಡಿ. ಅದು ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಡಿಸೆಂಬರಿನ ಬೆಳಗ್ಗೆ ಬೇರಿಂಗಿನೊಳಗೇ ಗಟ್ಟಿಯಾಗುತ್ತದೆ. ಉಳಿದ ತಿಂಗಳುಗಳಲ್ಲಿ ಹಿಟ್ಟಿನ ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ, ಇರುವೆಯನ್ನೂ ಕರೆಯುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇ ಹೊಡೆದರೆ ಒಳಗಿನ ಗ್ರೀಸೂ ತೊಳೆದುಹೋಗುತ್ತದೆ, ಆದ್ದರಿಂದ ಅದರ ಬೆನ್ನಿಗೇ ಹೊಸ ಗ್ರೀಸ್ ಬೇಕು.

ಕೆಲವು ಲಕ್ಷಣ ಕಂಡರೆ ಎಣ್ಣೆ ಗ್ರೀಸಿನಿಂದ ಆಗುವುದಿಲ್ಲ, ಬೇರಿಂಗನ್ನೇ ಬದಲಿಸಬೇಕು. ತಿರುಗಿಸಿದಾಗ ಒಳಗೆ ಮರಳು ಸಿಕ್ಕಂತೆ ಕಟಕಟ ಎನ್ನುವುದು, ಪ್ರತಿ ಸುತ್ತಿನಲ್ಲಿ ಒಂದೇ ಜಾಗದಲ್ಲಿ ಗುಳಿಗೆ ಬಿದ್ದಂತೆ ನಿಲ್ಲುವುದು, ಕೆಳಗಿನ ತಳದ ಮೇಲೆ ಕೆಂಪು ಪುಡಿ ಉದುರಿರುವುದು. ಬದಲಿಸುವಾಗ ಪೂರ್ತಿ ಬಿಚ್ಚಬೇಕಾಗಿಲ್ಲ. ತಟ್ಟೆಗಳನ್ನು ಖಾಲಿ ಮಾಡಿ, ಕೆಳಗಿನ ತಟ್ಟೆಯ ಅಡಿಗೆ ಮೂರು ಕಡೆ ಇಟ್ಟಿಗೆ ಇಲ್ಲವೇ ಮರದ ತುಂಡು ಕೊಟ್ಟು, ಮೇಲಿನದನ್ನು ಅದರ ಮೇಲೆ ತುಂಡುಗಳ ಆಸರೆಯಲ್ಲಿ ನಿಲ್ಲಿಸಿ. ಗ್ರಬ್ ಸ್ಕ್ರೂ ಸಡಿಲಿಸಿ, ಕಂಬವನ್ನು ಕುಗ್ಗಿಸಿ ಮೇಲಕ್ಕೆತ್ತಿದರೆ ಕೆಳಗಿನ ಬೇರಿಂಗು ಬಿಡುಗಡೆಯಾಗುತ್ತದೆ. ಹಳೆಯ ಸ್ಕ್ರೂ ತೂತುಗಳು ದೊಡ್ಡದಾಗಿದ್ದರೆ ಅವುಗಳಲ್ಲಿ ಅಂಟು ಹಚ್ಚಿದ ಬಿದಿರುಕಡ್ಡಿ ಬಡಿದು, ಒಣಗಿದ ಮೇಲೆ ಮತ್ತೆ 3 ಮಿ.ಮೀ. ತೂತು ಮಾಡಿ, ತೂಗುಗುಂಡು ಇನ್ನೊಮ್ಮೆ ಇಳಿಬಿಟ್ಟು ನೋಡಿಯೇ ಹೊಸದನ್ನು ಕೂರಿಸಿ.